ಅಂಬಾಸಡರ್‌ನ ಒಡಲು, ಜೀಪ್ ಪಿಕಪ್‌ನ ಚಾಸಿ

ಗುಬ್ಬಿ ಕಡೆಯ ತೋಟದಿಂದ ತುಮಕೂರಿಗೆ ತೆಂಗಿನಕಾಯಿ ತರುವ ಕೆಲಸವೂ ಆಗಬೇಕು, ಹಳೆಯ ಗಾಡಿಯ ಚಪಲವೂ ತೀರಬೇಕು ಎನ್ನುವವರಿಗೆ ಏಣಿಯಂಥ ಚಾಸಿಯ (ಒಡಲನ್ನು ಹೊರುವ ಉಕ್ಕಿನ ಚೌಕಟ್ಟಿನ) ಮಹೀಂದ್ರ ಜೀಪ್ ಪಿಕಪ್ಪೇ ಸರಿ ಎಂಬುದು, ಅಂಬಾಸಡರ್ ಸಾಕಿ, ಮಾರಿ, ಪಿಕಪ್ ಕೊಂಡ ನನ್ನ ಖಚಿತ ಅಭಿಪ್ರಾಯ.

ಅಂಬಾಸಡರ್‌ಗೆ ಪ್ರತ್ಯೇಕ ಚಾಸಿಯೇ ಇಲ್ಲ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಮೂಲದ ಈ ಕಾರಿನಲ್ಲಿ ನೆಲದ ತಗಡು, ಬಾಗಿಲ ಕಂಬಗಳು, ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಪೆಟ್ಟಿಗೆಯಂಥ ಭಾಗ, ಎಲ್ಲವೂ ಬೆಸೆದುಕೊಂಡು ಒಟ್ಟಾಗಿ ಭಾರ ಹೊರುತ್ತವೆ. ನನ್ನನ್ನು ಸತಾಯಿಸಿದ್ದು ಆ ಪೆಟ್ಟಿಗೆಯೇ. ನಮ್ಮದು ಬಯಲುಸೀಮೆ, ತುಕ್ಕಿನ ಭಯವಿಲ್ಲ ಎಂದುಕೊಳ್ಳುವಂತಿಲ್ಲ. ಮುಂದಿನ ಗಾಜಿನ ರಬ್ಬರ್ ಸಡಿಲವಾದರೆ ತೊಳೆದ ನೀರು ಮ್ಯಾಟಿನ ಕೆಳಗೆ ಇಳಿದು, ಪೆಟ್ಟಿಗೆಯೊಳಗೆ ನಿಂತು, ಒಳಗಿನಿಂದಲೇ ತಗಡನ್ನು ತಿನ್ನುತ್ತದೆ. ಹೊರಗೆ ಬಣ್ಣ ಥಳಥಳಿಸುತ್ತಿತ್ತು. ಟಿಂಕರ್ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ತಗಡಿಗೆ ಮೆತ್ತಿದ್ದ ಹಳೆಯ ಪುಟ್ಟಿ ಹೆಕ್ಕಳಿಕೆಯಾಗಿ ಎದ್ದು, ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು.

ಕತ್ತರಿಸಿ ಹೊಸ ತಗಡು ಬೆಸೆದರಾಯಿತು ಎನ್ನುವಷ್ಟು ಸುಲಭವೂ ಅಲ್ಲ. ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬಿಗಿಯದೆ, ನೆಲಕ್ಕೆ ಉದ್ದಕ್ಕೂ ಆಸರೆ ಕೊಡದೆ ಒಂದೇ ಕಡೆ ಜಾಕ್ ಇಟ್ಟು ಕತ್ತರಿಸಿದರು. ಒಡಲು ನಡುವಿನಲ್ಲಿ ಜಗ್ಗಿತು. ಆಮೇಲೆ ಹಿಂಬಾಗಿಲು ಚಿಲಕಕ್ಕೆ ಕೂರಲೇ ಇಲ್ಲ. ಕೂರಿಸಲು ಬಿಚ್ಚಿ ಮತ್ತೆ ಬೆಸೆದ ಕೂಲಿ ತಗಡಿನ ಬೆಲೆಯನ್ನು ಮೀರಿತು.

ಪಿಕಪ್‌ನ ಚಾಸಿಯಲ್ಲಿ ಬಹುಪಾಲು ಎರಡು ಉದ್ದನೆಯ ತೆರೆದ ತೊಲೆಗಳು, ನಡುವೆ ಅಡ್ಡತೊಲೆಗಳು. ನೀರು ನಿಲ್ಲುವುದಿಲ್ಲ, ತುಕ್ಕು ಅಡಗುವುದಿಲ್ಲ; ಸುತ್ತಿಗೆಯಿಂದ ತಟ್ಟಿದರೆ ಸದ್ದೇ ಹೇಳುತ್ತದೆ. ಚಾಸಿ ಪಕ್ಕಕ್ಕೆ ಓರೆಯಾಗಿದೆಯೇ ಎಂದು ತಿಳಿಯಲು, ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ, ಎರಡೂ ಬದಿಯ ಸರಿಜೋಡಿ ಬಿಂದುಗಳಿಂದ ತೂಗುಗುಂಡು ಇಳಿಬಿಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೂಲೆಯಿಂದ ಎದುರು ಮೂಲೆಗೆ ಅಳೆದು ನೋಡಬೇಕು: ಎರಡೂ ಅಳತೆ ಸಮವಿಲ್ಲದಿದ್ದರೆ ಚಾಸಿ ಓರೆಯಾಗಿದೆ. ಇದಕ್ಕೆ ಗ್ಯಾರೇಜೂ ಬೇಕಿಲ್ಲ.

ಸವಾರಿ ಸುಖದಲ್ಲಿ ಅಂಬಾಸಡರ್ ಬಹಳ ಮುಂದೆ. ಪಿಕಪ್‌ನ ನೆಲ ಎತ್ತರ, ಖಾಲಿ ಗಾಡಿಯಲ್ಲಿ ಕಮಾನು ಪಟ್ಟಿಯ ಸ್ಪ್ರಿಂಗ್ ಬೆನ್ನು ಮುರಿಯುತ್ತದೆ. ಹಳೆಯ ಅಮೆರಿಕನ್ ಕಾರುಗಳಲ್ಲಿ ಪ್ರತ್ಯೇಕ ಚಾಸಿ ಇದ್ದರೂ ಅದು ಆ್ಯಕ್ಸಲ್ ಮೇಲೆ ಕಮಾನಿನಂತೆ ಏರಿ, ನಡುವೆ ತಗ್ಗಾಗಿ ಸಾಗುತ್ತಿದ್ದುದರಿಂದ ಆಸನ ತಗ್ಗಿನಲ್ಲಿರುತ್ತಿತ್ತು. ಲಾರಿ, ಪಿಕಪ್‌ಗಳಿಗೆ ಸಮತಟ್ಟಾದ ಹೊರೆಹಲಗೆ ಬೇಕಾದ್ದರಿಂದ ತೊಲೆ ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತದೆ.

2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಲು ಚಾಸಿ, ಒಡಲು, ಎಂಜಿನ್ ಮೂಲರೂಪದಲ್ಲಿರಬೇಕು. ಆ ಆಸೆಯುಳ್ಳವರು ಕತ್ತರಿಸುವ ಮೊದಲೇ ಯೋಚಿಸಲಿ.

ಮನೆಯಲ್ಲಿ ಶೆಡ್ ಇದ್ದು, ಬೆಂಗಳೂರಿಗೆ ಸಂಸಾರ ಸಮೇತ ಹೋಗಿಬರುವವರು ಅಂಬಾಸಡರನ್ನೇ ಕೊಳ್ಳಬಹುದು. ನನ್ನ ಗಾಡಿ ಹುಣಸೆಮರದ ಕೆಳಗೆ ನಿಲ್ಲುತ್ತದೆ, ಅದಕ್ಕೆ ನಾನು ತೆಗೆದಿಡುವ ಹಣ ಕಾಯಿ ಮಾರಿದ್ದರಲ್ಲಿ ಉಳಿದಷ್ಟೇ; ಅದರಲ್ಲಿ ನಿಭಾಯಿಸಲು ಆಗುವುದು ಪಿಕಪ್ ಒಂದೇ.