ಪೊಲಿನ್ಯಾನೊದಲ್ಲಿ ಉಳಿಯುವುದೋ, ಮೊನೊಪೊಲಿಯಲ್ಲೋ?

ಬಾರಿಯಿಂದ ಲೆಚ್ಚೆಯ ಕಡೆಗೆ ಹೊರಡುವ ಪ್ಯಾಸೆಂಜರ್ ರೈಲು ಪೊಲಿನ್ಯಾನೊ ಆ ಮಾರೆಯಲ್ಲಿ ನಿಂತು, ಅಲ್ಲಿಂದ ಸುಮಾರು 8 ಕಿಲೋಮೀಟರ್ ಸಾಗಿ ಮೊನೊಪೊಲಿಯನ್ನು ಮುಟ್ಟುತ್ತದೆ. ಎರಡೂ ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದಲ್ಲಿ, ಏಡ್ರಿಯಾಟಿಕ್ ಸಮುದ್ರದ ಅಂಚಿಗೇ ಇರುವ ಹಳೆಯ ಊರುಗಳು. ಯಾವುದರಲ್ಲಿ ಉಳಿಯಬೇಕೆಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎರಡು ವಾರ ಬಗೆಹರಿಯದಿದ್ದುದರಿಂದ, ಸೆಪ್ಟೆಂಬರಿನಲ್ಲಿ ಮೂರು ದಿನ ಅಲ್ಲಿ, ನಾಲ್ಕು ದಿನ ಇಲ್ಲಿ ಎಂದು ಹಂಚಿಕೊಂಡು ಎರಡರಲ್ಲೂ ಇದ್ದು ಬಂದೆವು. ನಮ್ಮ ಜೊತೆಗೆ 68 ವರ್ಷದ, ಮಂಡಿನೋವಿರುವ ಅಮ್ಮ ಇದ್ದರೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನ ತೀರ್ಪಿನಲ್ಲಿ ಅವರ ಮಂಡಿಯ ಪಾಲೂ ಇದೆ.

ನೋಡುವುದಕ್ಕೆ ಪೊಲಿನ್ಯಾನೊವೇ ಮುಂದು. ಊರು ನಿಂತಿರುವುದೇ ಸುಣ್ಣಕಲ್ಲಿನ ಕಡಿದಾದ ಬಂಡೆಯ ನೆತ್ತಿಯ ಮೇಲೆ. ಮನೆಗಳ ಹಿಂಗೋಡೆ ಎಲ್ಲಿ ಮುಗಿದು ಬಂಡೆ ಎಲ್ಲಿ ಶುರುವಾಯಿತೆಂದು ಕೆಳಗಿನಿಂದ ತಿಳಿಯುವುದಿಲ್ಲ, ಬಂಡೆಯ ಬುಡವನ್ನಂತೂ ಅಲೆಗಳು ಗುಹೆಗಳಾಗಿ ಕೊರೆದಿವೆ. ಹಿಂದೆ ನೀರು ಈ ಕಲ್ಲನ್ನು ಸವೆಸುತ್ತ ಕಡಲಿಗಿಳಿದ ದಾರಿಗಳು ಈಗ ಒಣ ಕಣಿವೆಗಳಾಗಿದ್ದು, ಅವುಗಳನ್ನು ಅಲ್ಲಿಯವರು ‘ಲಾಮಾ’ ಎನ್ನುತ್ತಾರೆ. ಚಿತ್ರಗಳಲ್ಲಿ ಎಲ್ಲರೂ ನೋಡಿರುವ ಲಾಮಾ ಮೊನಾಕಿಲೆ ಎಂಬ ತೀರವಿರುವುದು ಅಂಥದೊಂದು ಕಣಿವೆಯ ಬಾಯಿಯಲ್ಲಿ. ರೋಮನ್ ಚಕ್ರವರ್ತಿ ಟ್ರಾಜನ್ ಬೆನೆವೆಂತೊದಿಂದ ಬ್ರಿಂದಿಸಿಗೆ ಹಾಕಿಸಿದ ಹೆದ್ದಾರಿ ಇದೇ ಕಣಿವೆಯನ್ನು ದಾಟುತ್ತಿತ್ತು. ಈಗ ಜನ ಫೋಟೊಗಾಗಿ ಮುಗಿಬೀಳುವುದು ಮಾತ್ರ ಅದಕ್ಕಿಂತ ಎತ್ತರದಲ್ಲಿ, ಬಹಳ ಈಚೆಗೆ ಕಟ್ಟಿದ ಸೇತುವೆಯ ಮೇಲೆ. 1928ರಲ್ಲಿ ಇಲ್ಲಿ ಹುಟ್ಟಿದ ಗಾಯಕ ದೊಮೆನಿಕೊ ಮೊದುನ್ಯೊ ಅವರ ಪ್ರತಿಮೆ ಕಡಲಿಗೆ ಬೆನ್ನು ಮಾಡಿ ಎರಡೂ ತೋಳು ಚಾಚಿ ನಿಂತಿದೆ. ಅದೇ ಭಂಗಿಯಲ್ಲಿ ತೋಳು ಚಾಚಲು ಸರದಿ ಕಾಯುತ್ತಿದ್ದವರಲ್ಲಿ ನಾವೂ ಇದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ.

ತೊಂದರೆ ಶುರುವಾಗುವುದು ಮೆಟ್ಟಿಲಿಳಿದು ತೀರಕ್ಕೆ ಹೋದ ಮೇಲೆ. ಲಾಮಾ ಮೊನಾಕಿಲೆಯಲ್ಲಿ ಮರಳಿಲ್ಲ, ನಿಂಬೆಹಣ್ಣಿನಿಂದ ತೆಂಗಿನಕಾಯಿಯವರೆಗಿನ ಗಾತ್ರದ ಉರುಟು ಬಿಳಿಗಲ್ಲುಗಳಿವೆ. ಬರಿಗಾಲಿನಲ್ಲಿ ನೀರಿಗಿಳಿಯುವವರು ಎರಡೂ ಕೈ ಅಗಲಿಸಿ ತೂಗಾಡುತ್ತ ನಡೆಯುವುದನ್ನು ನೋಡಿದರೆ ನಗು ಬರುತ್ತದೆ, ನಮ್ಮ ಸರದಿ ಬಂದಾಗ ಬರುವುದಿಲ್ಲ. ನೀರಿಗೆ ಹಾಕುವ ರಬ್ಬರ್ ಚಪ್ಪಲಿ ಇಲ್ಲಿ ಅಗತ್ಯ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟವೆಲ್ ಹಾಸಲು ಜಾಗವಿರಲಿಲ್ಲ. ಮಧ್ಯಾಹ್ನ ಕಳೆದಂತೆ ಬಂಡೆಯ ನೆರಳು ತೀರವನ್ನು ನುಂಗುತ್ತ ಬಂದು, ಬಿಸಿಲು ಬೇಕೆಂದವರೆಲ್ಲ ಉಳಿದ ಒಂದು ಪಟ್ಟಿಗೆ ಒತ್ತಿಕೊಂಡರು. “ಈ ಕಲ್ಲಿನ ಮೇಲೆ ಕೂತರೆ ಏಳೋದು ಹೇಗೋ?” ಎಂದು ಅಮ್ಮ ಮೇಲಿನ ಸೇತುವೆಯಲ್ಲೇ ಉಳಿದರು.

ಮೊನೊಪೊಲಿ ಅಷ್ಟು ಬೇಗ ಮನಸ್ಸಿಗೆ ಹಿಡಿಸುವ ಊರಲ್ಲ. ನಿಲ್ದಾಣದಿಂದ ಹಳೆಯ ಊರಿಗೆ ಹದಿನೈದು ನಿಮಿಷ, ಸಾಧಾರಣವಾದ ಹೊಸ ಬೀದಿಗಳಲ್ಲಿ ನಡೆಯಬೇಕು. ಆದರೆ ಕೋಟೆಯೊಳಗೆ ಹೊಕ್ಕ ಮೇಲೆ ಇದು ಪ್ರವಾಸಿಗರಿಲ್ಲದಿದ್ದರೂ ನಡೆಯುವ ಊರು ಎಂಬುದು ತಿಳಿಯುತ್ತದೆ. ಹಳೆಯ ಬಂದರಿನಲ್ಲಿ ನೀಲಿ ಬಣ್ಣದ ಮರದ ದೋಣಿಗಳು ನಿಂತಿರುತ್ತವೆ, ಅದರ ಪಕ್ಕದಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಹೆಸರಿನ, 1552ರಲ್ಲಿ ಮುಗಿದ ಕೋಟೆಯಿದೆ. ನನಗೆ ಹೆಚ್ಚು ಹಿಡಿಸಿದ್ದು ಪ್ರಧಾನ ಇಗರ್ಜಿಯ ಕಥೆ. ಕಟ್ಟಡಕ್ಕೆ ತೊಲೆ ಸಿಗದೆ ಕೆಲಸ ನಿಂತಿದ್ದಾಗ, 1117ರ ಡಿಸೆಂಬರಿನಲ್ಲಿ ಮಾತೆ ಮರಿಯಳ ಚಿತ್ರವನ್ನು ಹೊತ್ತ ತೆಪ್ಪವೊಂದು ತಾನಾಗಿ ಬಂದರಿಗೆ ತೇಲಿಬಂತಂತೆ, ತೆಪ್ಪದ ದಿಮ್ಮಿಗಳೇ ಸೂರಿಗೆ ತೊಲೆಗಳಾದವಂತೆ. ಈಗಿನ ಇಗರ್ಜಿಯನ್ನು 18ನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಲಾಗಿದೆ. ತೆಪ್ಪ ಬಂದದ್ದನ್ನು ಮಾತ್ರ ಊರವರು ಇಂದಿಗೂ ಡಿಸೆಂಬರ್ 16ರ ಬೆಳಗಿನ ಜಾವ ಮತ್ತು ಆಗಸ್ಟ್ 14ರಂದು ಕಡಲಲ್ಲೇ ನಡೆಸಿ ತೋರಿಸುತ್ತಾರೆ.

ಈಜುವುದಕ್ಕೆ ಮೊನೊಪೊಲಿಗೆ ಸಾಟಿಯಿಲ್ಲ. ಕೋಟೆಗೋಡೆಯ ಬುಡದಲ್ಲೇ ಕಾಲಾ ಪೋರ್ತಾ ವೆಕ್ಕಿಯಾ ಎಂಬ ಸಣ್ಣ ಮರಳಿನ ತೀರವಿದ್ದು, ಕಾಸು ಕೊಡಬೇಕಿಲ್ಲ, ನೀರು ಬಹಳ ದೂರದವರೆಗೆ ಮೊಣಕಾಲುದ್ದವೇ ಇರುತ್ತದೆ. ಸಂಜೆ ಊರಿನ ಹಿರಿಯ ಹೆಂಗಸರು ಮಡಚುವ ಕುರ್ಚಿಗಳನ್ನು ತಂದು ನೀರಿನಲ್ಲೇ ಇಟ್ಟುಕೊಂಡು, ಪಾದ ಮುಳುಗಿಸಿ, ಕತ್ತಲಾಗುವವರೆಗೂ ಹರಟುತ್ತಾರೆ. ಎರಡನೆಯ ಸಂಜೆ ಅವರಲ್ಲೊಬ್ಬರು ಖಾಲಿ ಕುರ್ಚಿಯೊಂದನ್ನು ಅಮ್ಮನ ಕಡೆಗೆ ತಳ್ಳಿ, ತಮ್ಮ ಮಂಡಿಯನ್ನು ತಟ್ಟಿ ತೋರಿಸಿದರು. ಅಮ್ಮ ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು ಹೋಗಿ ಕೂತವರು ಒಂದು ಗಂಟೆ ಏಳಲಿಲ್ಲ. ಯಾವ ಭಾಷೆಯಲ್ಲಿ ಮಾತು ನಡೆಯಿತೋ ನನಗೆ ಗೊತ್ತಿಲ್ಲ.

ಊರಿನ ದಕ್ಷಿಣಕ್ಕೆ ಇಂಥ ಚಿಕ್ಕ ಕೊಲ್ಲಿಗಳು ಸಾಲಾಗಿವೆ. 11ನೆಯ ಶತಮಾನದ ಸಾಂತೊ ಸ್ತೆಫಾನೊ ಮಠದ ಪಕ್ಕದ ಪೋರ್ತೊ ಗ್ಯಾಚ್ಚೋಲೊದಲ್ಲಿ ಸುಣ್ಣಕಲ್ಲಿನೊಳಗೆ ಇಂಗಿದ ಸಿಹಿನೀರು ಕಡಲಲ್ಲಿ ಒಸರುವುದರಿಂದ, ಬೆಚ್ಚಗಿನ ನೀರಿನಲ್ಲಿ ಈಜುತ್ತಿರುವಾಗಲೇ ತಣ್ಣನೆಯ ಪದರವೊಂದು ಹೊಟ್ಟೆಗೆ ತಾಗಿ ಬೆಚ್ಚಿಬೀಳಿಸುತ್ತದೆ. ಇನ್ನೂ ಮುಂದಿನ ಕಪಿತೊಲೊದಲ್ಲಿ ಉದ್ದನೆಯ ಮರಳಿದ್ದರೂ ಬಹುಪಾಲು ಕಾಸು ಪಡೆದು ಕೊಡೆ, ಕುರ್ಚಿ ಕೊಡುವ ‘ಲೀಡೋ’ಗಳ ಕೈಯಲ್ಲಿದೆ. ಕೊಡೆ ಮತ್ತು ಎರಡು ಒರಗು ಕುರ್ಚಿಗೆ ನಾವು 30 ಯೂರೊ ತೆತ್ತೆವು, ಮತ್ತೆ ಹೋಗಲಿಲ್ಲ. ಗಾಳಿಯ ಲೆಕ್ಕವನ್ನೂ ಹೇಳಬೇಕು. ವಾಯವ್ಯದಿಂದ ‘ಮಾಯೆಸ್ತ್ರಾಲೆ’ ಬೀಸಿದ ದಿನ ಲಾಮಾ ಮೊನಾಕಿಲೆಯೊಳಗೆ ಅಲೆ ನುಗ್ಗಿ ಕಲ್ಲುಗಳನ್ನು ಉರುಳಿಸುತ್ತಿತ್ತು, ಯಾರೂ ನೀರಿಗಿಳಿಯಲಿಲ್ಲ. ಮೊನೊಪೊಲಿಯಲ್ಲಿ ಅಂಥದೇ ಗಾಳಿಯ ದಿನ ಹಳೆಯ ಊರೇ ಅಡ್ಡ ನಿಂತು ಪೋರ್ತಾ ವೆಕ್ಕಿಯಾದ ನೀರನ್ನು ಸುಮ್ಮನಿರಿಸಿತ್ತು.

ಊಟದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸಸ್ಯಾಹಾರಿಗಳು ಎರಡೂ ಕಡೆ ಟೊಮ್ಯಾಟೊ ಒತ್ತಿದ ಫೊಕಾಚ್ಚಾ ಎಂಬ ಚಪ್ಪಟೆ ಬ್ರೆಡ್, ಒಣ ಅವರೆಯಂಥ ಕಾಳನ್ನು ಬೇಯಿಸಿ ಮಸೆದು ಕಹಿಸೊಪ್ಪಿನೊಡನೆ ಬಡಿಸುವ ‘ಫಾವೆ ಎ ಚಿಕೋರಿಯಾ’ವನ್ನು ನಂಬಬಹುದು. ತೊವ್ವೆಗೆ ಒಗ್ಗರಣೆ ಹಾಕುವುದನ್ನು ಮರೆತಿದ್ದಾರೆ ಎಂಬುದು ಅಮ್ಮನ ಅಭಿಪ್ರಾಯ. ನಿದ್ರೆಯಲ್ಲಿ ಮಾತ್ರ ವ್ಯತ್ಯಾಸವಿತ್ತು: ಪೊಲಿನ್ಯಾನೊದ ಹಳೆಯ ಊರಿನಲ್ಲಿ ನಾವು ಹಿಡಿದಿದ್ದ ಕೋಣೆಯ ಕಿಟಕಿಯ ಕೆಳಗೆ ರಾತ್ರಿ ಒಂದರವರೆಗೂ ಗದ್ದಲ ನಿಲ್ಲಲಿಲ್ಲ.

ಹೀಗಾಗಿ ನಾನು ಮತ್ತೆ ಹೋದರೆ ಏಳೂ ದಿನ ಮೊನೊಪೊಲಿಯಲ್ಲೇ ಉಳಿಯುತ್ತೇನೆ, ಆದರೆ ಕೊನೆಯ ದಿನ ಮಾಡಿದ್ದನ್ನು ಮೊದಲ ದಿನವೇ ಮಾಡುತ್ತೇನೆ. ಅಂದು ನಾನು, ನನ್ನ ಹೆಂಡತಿ ನಸುಕಿನ ರೈಲು ಹಿಡಿದು ಏಳಕ್ಕೆ ಮುಂಚೆ ಲಾಮಾ ಮೊನಾಕಿಲೆಯಲ್ಲಿದ್ದೆವು. ಗಾಳಿಯಿರಲಿಲ್ಲ, ಸೂರ್ಯ ಕಡಲ ಕಡೆಯಿಂದ ನೇರವಾಗಿ ಕಣಿವೆಯೊಳಕ್ಕೆ ಬಿದ್ದು ನೀರಿನ ತಳದ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು, ನಮ್ಮನ್ನು ಬಿಟ್ಟರೆ ಈಜುತ್ತಿದ್ದವರು ಅಲ್ಲಿಯ ಮುದುಕರೊಬ್ಬರೇ. ಹತ್ತರ ಹೊತ್ತಿಗೆ ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ನಿಲ್ದಾಣಕ್ಕೆ ಮರಳಿದಾಗ, ಬಾರಿಯಿಂದ ಬಂದ ರೈಲಿನಿಂದ ಜನ ಇಳಿದು ಸೇತುವೆಯ ದಿಕ್ಕಿಗೆ ನಡೆಯತೊಡಗಿದ್ದರು. ಅವರು ಬಿಟ್ಟ ಸೀಟಿನಲ್ಲಿ ಕೂತು ನಾವು ಮೊನೊಪೊಲಿಗೆ ಹೊರಟೆವು.