ಕರೆಂಟ್ ಹೋದರೆ ಕೋರಸ್ ಬರುವ ಆಂಪ್

ಎಷ್ಟು ವ್ಯಾಟ್, ಸ್ಪೀಕರ್ ಎಷ್ಟು ಇಂಚು ಅನ್ನೋದೆಲ್ಲ ಡಬ್ಬದ ಮೇಲೇ ಇದೆ, ಬಿಡಿ. ಗಿಟಾರಿನ ಸದ್ದು ದೊಡ್ಡದು ಮಾಡುವ ಈ ಚಿಕ್ಕ ಡಿಜಿಟಲ್ ಆಂಪ್ (ಆಂಪ್ಲಿಫೈಯರ್) ತಗೊಂಡಿದ್ದು ಒಂದೇ ಸದ್ದಿಗಾಗಿ: ಬ್ರಿಟನ್ನಿನ ರಾಕ್ ತಂಡ ಡೈರ್ ಸ್ಟ್ರೇಟ್ಸ್‌ನ, 1978ರಲ್ಲಿ ಬಂದ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡಿನಲ್ಲಿ ಮಾರ್ಕ್ ನಾಫ್ಲರ್ ನುಡಿಸಿರುವ ಆ ತಿಳಿಯಾದ ಗಿಟಾರ್.

ಅರ್ಧ ಕೆಲಸ ಆಂಪ್‌ನದ್ದಲ್ಲ. ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್‌ಗಳ ಪೈಕಿ ಬ್ರಿಡ್ಜ್ (ತಂತಿ ಕೂರುವ ತುದಿ) ಕಡೆಯದ್ದೂ ನಡುವಿನದ್ದೂ ಒಟ್ಟಿಗೆ ಕೆಲಸ ಮಾಡುವ ಕಡೆ ಸ್ವಿಚ್ ಇಡಬೇಕು. ಸದ್ದು ಸ್ವಲ್ಪ ಮೂಗಿನಲ್ಲಿ ಬಂದ ಹಾಗಿರುತ್ತದೆ, ಬೇಕಾದದ್ದು ಅದೇ. ಪಿಕ್ ಎತ್ತಿಡಿ. ನಾಫ್ಲರ್ ನುಡಿಸೋದು ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಲ್ಲಿ. ತಂತಿಯನ್ನು ಬೆರಳಿನಿಂದ ಸೆಳೆದು ಬಿಟ್ಟಾಗ ಬರುವ ‘ಟಕ್’ ಆಂಪ್‌ನಲ್ಲಿ ಮೊದಲೇ ಹೊಂದಿಸಿಟ್ಟ ಯಾವ ಪ್ರೀಸೆಟ್‌ನಲ್ಲೂ ಸಿಗೋದಿಲ್ಲ. ಮೆಲ್ಲನೆಯ ಸದ್ದನ್ನೂ ಜೋರು ಸದ್ದನ್ನೂ ಹತ್ತಿರ ತರುವ ಕಂಪ್ರೆಸರ್ ಸ್ವಲ್ಪ, ಗೇನ್ (ಒಳಬರುವ ಸದ್ದನ್ನು ಹಿಗ್ಗಿಸೋದು) ಕಡಿಮೆ, ಬೇಸ್ ಇನ್ನೂ ಕಡಿಮೆ, ಗಿಟಾರಿನ ವಾಲ್ಯೂಮ್ 7. ಅದಕ್ಕಿಂತ ಜಾಸ್ತಿ ಆದರೆ ಈ ಆಂಪ್ ಒಡಕು ದನಿ ತೆಗೆಯುತ್ತದೆ. 85 ವ್ಯಾಟಿನ ಫೆಂಡರ್ ಟ್ವಿನ್ ರಿವರ್ಬ್‌ನಂಥ ದೊಡ್ಡ ಆಂಪ್ ಆಗಿದ್ದರೆ ಸಾಕಷ್ಟು ಜೋರಿಟ್ಟರೂ ತಿಳಿಯಾಗಿಯೇ ಇರುತ್ತಿತ್ತು. ಆದರೆ ಚಿಕ್ಕಮಗಳೂರಿನ ಬಾಡಿಗೆ ಮನೆಯಲ್ಲಿ ಅದನ್ನು ಹಾಕಿದರೆ ಓನರ್ ಆಂಟಿ ಮಾರನೇ ದಿನವೇ ಮನೆ ಖಾಲಿ ಮಾಡಿಸುತ್ತಾರೆ.

ಈಗ ತಕರಾರು. ಇದರ ‘ಕ್ಲೀನ್’ ಪ್ರೀಸೆಟ್‌ಗೆ ಕೋರಸ್ (ಒಂದು ಗಿಟಾರ್ ಹಲವು ಸೇರಿದಂತೆ ಕೇಳಿಸೋದು), ರಿವರ್ಬ್ (ದೊಡ್ಡ ಹಾಲ್‌ನಲ್ಲಿ ನುಡಿಸಿದಂಥ ಅನುರಣನ) ಎರಡನ್ನೂ ಮೊದಲೇ ಸುರಿದಿದ್ದಾರೆ. ತೆಗೆಯೋಕೆ ಆಂಪ್ ಮೇಲೆ ಗುಂಡಿ ಇಲ್ಲ, ಫೋನಿನ ಆ್ಯಪ್ಪೇ ಬೇಕು. ಅದೂ ಹೋಗಲಿ. ಸ್ವಿಚ್ ಒತ್ತಿ ಆಫ್ ಮಾಡಿದರೆ ಬದಲಾಯಿಸಿದ್ದು ನೆನಪಿರುತ್ತದೆ, ಕರೆಂಟ್ ಹೋಗಿ ಆಫ್ ಆದರೆ ಎಲ್ಲ ಮರೆತು ಮತ್ತೆ ಕೋರಸ್! ಜುಲೈನಲ್ಲಿ ಗಾಳಿಮಳೆ ಹಿಡಿದರೆ ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಅಂತ ಇದನ್ನು ಮಾಡಿದವರಿಗೆ ಗೊತ್ತಿಲ್ಲ. ಕಂಪನಿಗೆ ಬರೆದೆ. ಸ್ಟೆಬಿಲೈಸರ್ ಹಾಕಿ ಅಂದರು. ಕರೆಂಟೇ ಇಲ್ಲದಾಗ ಸ್ಟೆಬಿಲೈಸರ್ ಏನು ಮಾಡುತ್ತದೆ, ಹೇಳಿ?

ಸಿಟ್ಟಿನಲ್ಲಿ ಹಿಂದಿನ ಮುಚ್ಚಳ ತೆಗೆದು ಪೆನ್ಸಿಲ್ ಸೆಲ್ ತುಂಬಿದೆ. ಸೆಟ್ಟಿಂಗ್ ಉಳಿಯಲಿ ಅಂತ ಅಷ್ಟೇ. ಆದರೆ ಅಡಾಪ್ಟರ್ ಕಿತ್ತು ಸೆಲ್‌ನಲ್ಲಿ ನುಡಿಸಿದರೆ, ಅಡಾಪ್ಟರ್ ಇದ್ದಾಗ ಹಿನ್ನೆಲೆಯಲ್ಲಿ ಸದಾ ಇರುತ್ತಿದ್ದ ಗುಂಯ್ ಅನ್ನೋ ಸದ್ದು ಮಾಯ! ನನ್ನ ಗಿಟಾರಿನ ನಡುವಿನ ಪಿಕಪ್ಪಿನ ಸುರುಳಿ ಉಲ್ಟಾ ಸುತ್ತಿರೋದು, ಹಾಗಾಗಿ ಎರಡೂ ಸೇರಿದಾಗ ಪಿಕಪ್ ಹಿಡಿಯುವ ಗುಂಯ್ ತಾನೇ ಕಳೆದುಹೋಗುತ್ತದೆ. ಉಳಿದಿದ್ದು ಅಡಾಪ್ಟರ್‌ದು, ಕಂಪ್ರೆಸರ್ ಅದನ್ನೇ ಎತ್ತಿ ತೋರಿಸುತ್ತಿತ್ತು. ಈಗ ಮೆಲ್ಲಗೆ ಮೀಟಿದ ಸ್ವರವೂ ಕೊನೆಯವರೆಗೆ ಕೇಳುತ್ತದೆ. ರೆಕಾರ್ಡಿಂಗ್ ಜೊತೆ ನುಡಿಸುವಾಗ ಸುಮ್ನೆ ನಗು ಬಂತು.

ಸಂಜೆ ಕಾಫಿ ಆದ ಮೇಲೆ ಕೈ ತೊಳೆದು ಪೂರ್ತಿ ಒರೆಸಿಕೊಳ್ಳುತ್ತೇನೆ. ಚಾರ್ಜರ್‌ನಿಂದ ಸೆಲ್ ತೆಗೆದು ಹಾಕಿ, ಟ್ಯೂನ್ ಮಾಡಿ ಕೂರೋದು. ಏಳುವಾಗ ಹಳೇ ಪಂಚೆಯ ತುಂಡಿನಲ್ಲಿ ಒಂದೊಂದೇ ತಂತಿ ಒರೆಸಬೇಕು, ಅಡಿಭಾಗವನ್ನೂ ಬಿಡದೆ. ನಮ್ಮ ಮಳೆಗಾಲದ ಥಂಡಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಮೊದಲು ಸಾಯೋದೇ ಆ ‘ಟಕ್’.

ಹತ್ತು ಸಾವಿರದೊಳಗೆ, ಮನೆಯಲ್ಲಿ ನುಡಿಸೋಕೆ ತಗೊಳ್ಳಬಹುದು. ಡ್ರಮ್ಸ್ ಪಕ್ಕ ಇಟ್ಟರೆ ಕೇಳಿಸೋದೇ ಇಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಸೆಲ್ಲು, ಚಾರ್ಜರ್ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ, ಡಬ್ಬದಲ್ಲಿ ಅವೆರಡೂ ಬರೋದಿಲ್ಲ.