ಪೂಡ್ಲ್ ಸಾಕಿದವರಿಗೆ ಹತ್ತು ಸಾಮಾನಿನ ಗ್ರೂಮಿಂಗ್ ಕಿಟ್ ಬೇಕೇ?

ಆನ್‌ಲೈನ್‌ನಲ್ಲಿ ‘ಹತ್ತು ಸಾಮಾನಿನ ಡಾಗ್ ಗ್ರೂಮಿಂಗ್ ಕಿಟ್’ ಅಂತ ಬೇರೆ ಬೇರೆ ಹೆಸರಲ್ಲಿ ಸಿಗುವ ಡಬ್ಬಿಗಳ ಒಳಗಿರುವುದು ಹೆಚ್ಚುಕಡಿಮೆ ಒಂದೇ: ತೆಳು ತಂತಿಗಳಿರುವ, ಗುಂಡಿ ಒತ್ತಿದರೆ ಸಿಕ್ಕಿಕೊಂಡ ಕೂದಲು ಉದುರುವ ಸ್ಲಿಕರ್ ಬ್ರಶ್, ಎರಡು ಮುಖದ ಬ್ರಶ್, ಡಿಶೆಡ್ಡಿಂಗ್ ಬ್ಲೇಡ್, ಗಂಟು ಕೊಯ್ಯುವ ರೇಕ್, ರಬ್ಬರ್ ಕೈಗವಸು, ಉಕ್ಕಿನ ಬಾಚಣಿಗೆ, ಉಗುರು ಕಟರ್, ಅರ, ಕತ್ತರಿ, ಬ್ಯಾಟರಿ ಟ್ರಿಮ್ಮರ್. ಚಿಕ್ಕಬಳ್ಳಾಪುರದಲ್ಲಿ ಪೂಡ್ಲ್, ಬಿಷಾನ್, ಲ್ಯಾಬ್ರಡೂಡಲ್‌ನಂಥ ಗುಂಗುರು ಕೂದಲಿನ ನಾಯಿ ಸಾಕಿದವರು ಗ್ರೂಮಿಂಗ್‌ಗೆಂದು ಪ್ರತಿ ಸಲ ಬೆಂಗಳೂರಿಗೆ ಓಡುವುದು ತಪ್ಪಲಿ ಅಂತ ಇದನ್ನು ತರಿಸುತ್ತಾರೆ. ಯೋಚನೆ ಸರಿಯಾಗಿಯೇ ಇದೆ, ತರಿಸುವ ಸಾಮಾನು ಸರಿಯಿಲ್ಲ. ಎಲ್ಲ ತಳಿಗೂ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದ್ದರೂ ಗುಂಗುರು ಕೂದಲಿನ ನಾಯಿಗೆ ಇದರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಉಗುರು ಕಟರ್ ಮತ್ತು ಅರ, ಎರಡೇ.

ಕಾರಣ ಕೂದಲಿನ ಗುಣದಲ್ಲೇ ಇದೆ. ಲ್ಯಾಬ್ರಡಾರ್‌ಗೆ ಎರಡು ಪದರ ಕೂದಲು, ಉದುರಿದ್ದೆಲ್ಲ ನೆಲಕ್ಕೆ ಬೀಳುತ್ತದೆ. ಪೂಡ್ಲ್‌ಗೆ ಒಂದೇ ಪದರ, ಸದಾ ಬೆಳೆಯುತ್ತಲೇ ಇರುತ್ತದೆ. ಉದುರಿದ ಎಳೆ ಕೆಳಗೆ ಬೀಳದೆ ಪಕ್ಕದ ಸುರುಳಿಗೆ ಸಿಕ್ಕಿಕೊಂಡು ಬುಡದಲ್ಲೇ ಹೆಣೆದುಕೊಳ್ಳುತ್ತದೆ. ಹಾಗಾಗಿ ಮೇಲೆ ಹತ್ತಿಯ ಹಾಗೆ ಮೆತ್ತಗೆ ಕಾಣುವ ನಾಯಿಯ ಚರ್ಮಕ್ಕಂಟಿ ಒಂದು ಕಂಬಳಿಯೇ ಕಟ್ಟಿರಬಹುದು. ಕಿವಿಯ ಹಿಂದೆ, ಮುಂಗಾಲಿನ ಸಂದು, ತೊಡೆಸಂದು, ಬಾಲದ ಬುಡ, ಬೆರಳ ನಡುವೆ, ಕಾಲರ್ ಮತ್ತು ಹಾರ್ನೆಸ್ ಉಜ್ಜುವ ಜಾಗ: ಗಂಟು ಶುರುವಾಗುವುದು ಇಲ್ಲಿಂದಲೇ. ಮನೆಯೊಳಗಿದ್ದಾಗ ಹಾರ್ನೆಸ್ ಬಿಚ್ಚಿಟ್ಟರೆ ಎಷ್ಟೋ ಗಂಟು ಕಟ್ಟುವುದೇ ಇಲ್ಲ.

ಕಿಟ್‌ನ ಸ್ಲಿಕರ್ ಬ್ರಶ್ಶನ್ನು ಕೈಗೆ ತೆಗೆದುಕೊಂಡು ತಂತಿಗಳನ್ನು ನೋಡಿ. ಸುಮಾರು ಒಂದು ಸೆಂಟಿಮೀಟರ್ ಉದ್ದ, ತುದಿಗೊಂದೊಂದು ಪ್ಲಾಸ್ಟಿಕ್ ಮಣಿ. ನಾಲ್ಕು ಸೆಂಟಿಮೀಟರ್ ಬೆಳೆದ ಪೂಡ್ಲ್ ಕೂದಲಲ್ಲಿ ಈ ತಂತಿ ಬುಡ ಮುಟ್ಟುವುದೇ ಇಲ್ಲ, ಮೇಲ್ಮೇಲೆ ಜಾರುತ್ತದೆ. ಮಣಿಗಳು ಸುರುಳಿಗೆ ಸಿಕ್ಕಿ ಎಳೆಯುತ್ತವೆ, ಕೆಲವು ಕಿತ್ತೂ ಬರುತ್ತವೆ. ಬೇಕಾಗಿರುವುದು ಎರಡು ಸೆಂಟಿಮೀಟರಿಗಿಂತ ಉದ್ದದ, ಸ್ವಲ್ಪ ಬಾಗಿದ ತೆಳು ತಂತಿಯ, ಮೆತ್ತನೆ ದಿಂಬಿನ ಸ್ಲಿಕರ್. ಅದನ್ನೂ ಒತ್ತಿ ಉಜ್ಜಬಾರದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಳೆದರೆ ಚರ್ಮ ತರಚಿ ಕೆಂಪಾಗುತ್ತದೆ. ತಂತಿಯನ್ನು ಮೊದಲು ನಿಮ್ಮ ಮುಂಗೈಗೆ ಆಡಿಸಿ ನೋಡಿ. ನಿಮಗೆ ಉರಿದರೆ ನಾಯಿಗೂ ಉರಿಯುತ್ತದೆ.

ಬಾಚುವ ಕ್ರಮ ಹೀಗೆ. ಪಾದದಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಒಂದು ಕೈಯಿಂದ ಕೂದಲನ್ನು ಮೇಲಕ್ಕೆ ಒತ್ತಿಹಿಡಿದರೆ ಕೆಳಗೆ ಚರ್ಮ ಗೆರೆಯಂತೆ ಕಾಣುತ್ತದೆ. ಆ ಗೆರೆಯ ಕೆಳಗಿರುವ ಕೂದಲನ್ನು ಮಾತ್ರ, ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ, ಹೀಗೆ ಬಿಡಿಸಬೇಕು. ಆಮೇಲೆ ಒಂದು ಸೆಂಟಿಮೀಟರ್ ಮೇಲೆ ಇನ್ನೊಂದು ಗೆರೆ. ಬೆನ್ನು ಬಾಚಿದರೆ ಮುಗಿಯಿತು ಅನ್ನುವವರ ನಾಯಿಗಳಲ್ಲೇ ಕಾಲು, ಸಂದುಗಳ ಗಂಟು ಹೆಚ್ಚು. ಕೂದಲು ಉದ್ದ ಬಿಟ್ಟಿದ್ದರೆ ಈ ಕೆಲಸ ದಿನವೂ ಇರುತ್ತದೆ, ಗಿಡ್ಡ ಕತ್ತರಿಸಿದ್ದರೆ ವಾರಕ್ಕೆ ಎರಡು ಮೂರು ಸಲ ಸಾಕು. ಎಂಟರಿಂದ ಹದಿನಾಲ್ಕು ತಿಂಗಳ ನಡುವೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುವಾಗ ಮಾತ್ರ ಒಂದು ದಿನ ತಪ್ಪಿದರೂ ಕಾಣುತ್ತದೆ.

ಬಾಚಿದ್ದು ಸರಿಯಾಗಿದೆಯೋ ಇಲ್ಲವೋ ಹೇಳುವುದು ಉಕ್ಕಿನ ಬಾಚಣಿಗೆ. ನಮ್ಮ ಲೆಕ್ಕದಲ್ಲಿ ಗುಂಗುರು ಕೂದಲಿನ ನಾಯಿ ಇರುವ ಮನೆಯಲ್ಲಿ ಇದಕ್ಕಿಂತ ಮುಖ್ಯವಾದ ಸಾಮಾನು ಬೇರೆ ಇಲ್ಲ. ಹಲ್ಲು ಚರ್ಮಕ್ಕೆ ತಾಗಿ, ಎಲ್ಲೂ ತಡೆಯದೆ ತುದಿಯವರೆಗೆ ಬಂದರೆ ಸರಿ. ನಿಂತರೆ ಅಲ್ಲಿ ಗಂಟಿದೆ. ಕಿಟ್‌ನ ಬಾಚಣಿಗೆ ತೆಳು, ಒತ್ತಿದರೆ ಬಾಗುತ್ತದೆ, ಹಲ್ಲಿನ ಅಂಚು ನಯವಾಗಿಲ್ಲ. ಹಳೆಯ ನೈಲಾನ್ ದುಪಟ್ಟಾದ ಮೇಲೆ ಎಳೆದು ನೋಡಿ, ದಾರ ಕಿತ್ತುಬಂದರೆ ಕೂದಲನ್ನೂ ಅದು ಕೊಯ್ಯುತ್ತದೆ. ಅರ್ಧ ಅಗಲ ಹಲ್ಲು, ಅರ್ಧ ಒತ್ತು ಹಲ್ಲು ಇರುವ ಹತ್ತೊಂಬತ್ತು ಸೆಂಟಿಮೀಟರಿನ ಗಟ್ಟಿ ಬಾಚಣಿಗೆಗೆ ಬೇರೆಯೇ ದುಡ್ಡು ಕೊಡಿ, ವರ್ಷಗಟ್ಟಲೆ ಬಾಳುತ್ತದೆ.

ಡಿಶೆಡ್ಡಿಂಗ್ ಬ್ಲೇಡನ್ನು ಪೂಡ್ಲ್ ಹತ್ತಿರ ತರಲೇಬೇಡಿ. ಒಳಪದರದ ಕೂದಲು ಎಳೆದು ತೆಗೆಯುವ ಸಾಮಾನು ಅದು. ಒಳಪದರವೇ ಇಲ್ಲದ ನಾಯಿಗೆ ಹಾಕಿದರೆ ಒಳ್ಳೆಯ ಕೂದಲೇ ತುಂಡಾಗುತ್ತದೆ. ರೇಕ್‌ನ ಒಳಗೆ ಕುಡುಗೋಲಿನಂಥ ಅಲಗುಗಳಿವೆ, ಗಂಟು ಬಿಡಿಸುವುದಕ್ಕಿಂತ ಕತ್ತರಿಸುವುದೇ ಹೆಚ್ಚು. ಕೈಗವಸು, ಎರಡು ಮುಖದ ಬ್ರಶ್ ಯಾವುದಕ್ಕೂ ಇಲ್ಲ.

ಈ ಊರಿನಲ್ಲಿ ಎರಡು ತೊಂದರೆ ಹೆಚ್ಚುವರಿ. ಒಂದು ಉತ್ತರಾಣಿ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಲದ ಬದು, ಖಾಲಿ ಸೈಟುಗಳ ಅಂಚಿನಲ್ಲಿ ಬೆಳೆದಿರುವ ಇದರ ಮುಳ್ಳುಬೀಜ ಗುಂಗುರು ಕೂದಲಿಗೆ ಹೊಕ್ಕರೆ ಬ್ರಶ್ಶಿಗೆ ಬರುವುದಿಲ್ಲ. ಬೀಜದ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಬೆರಳಿಂದ ಒಂದೊಂದಾಗಿ ಬಿಡಿಸಿ. ಮೈಗೆಲ್ಲ ಎಣ್ಣೆ ಸವರಬೇಡಿ, ಕೆಂಪುಮಣ್ಣಿನ ಧೂಳೆಲ್ಲ ಅಂಟುತ್ತದೆ. ಬೆರಳ ಸಂದು, ಕಿವಿಯ ಒಳಮಡಿಕೆಯಲ್ಲಿ ಉಣ್ಣಿ ಇದೆಯೇ ಅಂತಲೂ ಆಗಲೇ ನೋಡಿಬಿಡಿ. ಈ ಕೂದಲಲ್ಲಿ ಮೇಲಿನಿಂದ ಉಣ್ಣಿ ಕಾಣುವುದಿಲ್ಲ.

ಎರಡನೆಯದು ನೀರು. ಚಿಕ್ಕಬಳ್ಳಾಪುರ, ಕೋಲಾರ ಎರಡೂ ಜಿಲ್ಲೆಗಳಿಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಹೆಚ್ಚಿನ ಮನೆಗಳಿಗೆ ಬೋರ್‌ವೆಲ್ ಗಡಸು ನೀರೇ ಗತಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಅದು ಬುಡದಲ್ಲಿ ಕೂತರೆ ಕೂದಲು ಒಣಗಿದ ಮೇಲೂ ಅಂಟಂಟು. ಆದ್ದರಿಂದ ಸಾಬೂನು ಬೇಡ, ನಾಯಿಯ ಶಾಂಪೂವನ್ನೇ ಬಳಸಿ, ಅದನ್ನೂ ನೇರವಾಗಿ ಸುರಿಯದೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ. ಬಾಟಲಿಯ ಮೇಲೆ ಬೇರೆ ಅಳತೆ ಇದ್ದರೆ ಅದರಂತೆ ಮಾಡಿ. ಆಮೇಲೆ ಕಂಡಿಷನರ್, ಕೊನೆಯ ಒಂದು ಬಕೆಟ್ ಮಳೆನೀರು ಅಥವಾ ಆರ್‌ಒ ನೀರು. ಆರ್‌ಒ ಯಂತ್ರದಿಂದ ಹೊರಬರುವ ವೇಸ್ಟ್ ನೀರನ್ನು ಹಿಡಿದಿಟ್ಟು ನಾಯಿ ತೊಳೆಯುವವರಿದ್ದಾರೆ. ಉಪ್ಪಿನಂಶವೆಲ್ಲ ಸೇರಿರುವುದು ಅದರಲ್ಲೇ, ಅದು ಬೋರ್ ನೀರಿಗಿಂತಲೂ ಗಡಸು. ಇನ್ನೊಂದು ಮಾತು: ಗಂಟು ಬಿಡಿಸದೆ ಸ್ನಾನ ಮಾಡಿಸಬಾರದು. ನೀರು ಬಿದ್ದ ಗಂಟು ಒಣಗುವಾಗ ಬಿಗಿಯಾಗುತ್ತದೆ, ಆಮೇಲೆ ಬೋಳಿಸುವುದೊಂದೇ ದಾರಿ.

ಕಿಟ್‌ನಲ್ಲಿ ಇಲ್ಲದ, ಆದರೆ ಇರಲೇಬೇಕಾಗಿದ್ದ ಸಾಮಾನು ಬ್ಲೋವರ್ ಡ್ರೈಯರ್. ಗುಂಗುರು ಕೂದಲನ್ನು ಟವೆಲ್‌ನಲ್ಲಿ ಒರೆಸಿ ಬಿಸಿಲಿಗೆ ಬಿಟ್ಟರೆ ಸುರುಳಿ ಕುಗ್ಗಿ ಬುಡದಲ್ಲಿ ಹೆಣೆದುಕೊಳ್ಳುತ್ತದೆ, ಬಾಚಿದ ಕೆಲಸವೆಲ್ಲ ನೀರುಪಾಲು. ಟವೆಲ್‌ನಿಂದ ಉಜ್ಜದೆ ಒತ್ತಿ ನೀರು ತೆಗೆದು, ಗಾಳಿ ಬೀಳುವ ಜಾಗದಲ್ಲೇ ಸ್ಲಿಕರ್ ಆಡಿಸುತ್ತ ಎಳೆ ನೆಟ್ಟಗಾಗುವವರೆಗೆ ಒಣಗಿಸಬೇಕು. ಶಾಖಕ್ಕಿಂತ ಗಾಳಿಯ ವೇಗ ಮುಖ್ಯ. ಮುಖಕ್ಕೆ, ಕಿವಿಯೊಳಗೆ ಗಾಳಿ ಬಿಡಬಾರದು. ಕೊಳ್ಳುವ ಮುಂಚೆ ವ್ಯಾಟ್ ನೋಡಿ. 6 ಆಂಪ್ ಸಾಕೆಟ್ 230 ವೋಲ್ಟ್‌ನಲ್ಲಿ ತಡೆಯುವುದು 1,380 ವ್ಯಾಟ್ ಮಾತ್ರ. 2,000 ವ್ಯಾಟ್ ಮೇಲಿನ ಬ್ಲೋವರ್‌ಗೆ ಗೀಸರ್‌ಗೆ ಇರುವಂಥ 16 ಆಂಪ್ ಸಾಕೆಟ್ ಬೇಕು, ಮನೆಯ ಸಾಮಾನ್ಯ ಯುಪಿಎಸ್ ಅದನ್ನು ಎಳೆಯುವುದಿಲ್ಲ. ಬೆಸ್ಕಾಂನವರು ಕರೆಂಟ್ ತೆಗೆಯುವ ದಿನ ಸ್ನಾನ ಇಟ್ಟುಕೊಳ್ಳಬೇಡಿ.

ಕಿಟ್‌ನ ಟ್ರಿಮ್ಮರ್‌ಗೆ ಶಕ್ತಿಯೇ ಸಾಲದು. ದಟ್ಟ ಗುಂಗುರಿನಲ್ಲಿ ಮೋಟರ್ ತಿಣುಕಿ, ಕೂದಲನ್ನು ಕತ್ತರಿಸುವ ಬದಲು ಕಚ್ಚಿ ಎಳೆಯುತ್ತದೆ. ಒಮ್ಮೆ ಎಳೆಸಿಕೊಂಡ ನಾಯಿ ಮುಂದಿನ ಸಲ ಸದ್ದಿಗೇ ಓಡುತ್ತದೆ. ಮನೆಯಲ್ಲೇ ಕತ್ತರಿಸುವುದಿದ್ದರೆ ಬ್ಲೇಡ್ ಬದಲಿಸಬಹುದಾದ ಆಂಡಿಸ್, ವಾಹ್ಲ್ ಮಾದರಿಯ ಕ್ಲಿಪ್ಪರ್ ತೆಗೆದುಕೊಳ್ಳಿ. 10 ನಂಬರ್ ಬ್ಲೇಡ್ 1.5 ಮಿಲಿಮೀಟರ್ ಕೂದಲು ಬಿಡುತ್ತದೆ, ಹೊಟ್ಟೆ, ಗುದದ ಸುತ್ತ, ಮುಖಕ್ಕೆ ಅದು. ಮೈಗೆ 4ಎಫ್ ಬ್ಲೇಡ್ ಹಾಕಿದರೆ 9.5, 5ಎಫ್ ಹಾಕಿದರೆ 6.3 ಮಿಲಿಮೀಟರ್ ಉಳಿಯುತ್ತದೆ. ಕತ್ತರಿಸುವ ಕೂದಲು ತೊಳೆದು, ಒಣಗಿ, ಬಾಚಣಿಗೆ ತಡೆಯಿಲ್ಲದೆ ಓಡುವಂತಿರಬೇಕು. ಕೊಳೆ ಕೂದಲಿಗೆ ಇಟ್ಟರೆ ಬ್ಲೇಡಿನ ಹರಿತ ಬೇಗ ಹೋಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಬ್ಲೇಡನ್ನು ಮಣಿಕಟ್ಟಿಗೆ ತಾಗಿಸಿ ನೋಡಿ, ಸುಡುವಂತಿದ್ದರೆ ನಿಲ್ಲಿಸಿ, ಎಣ್ಣೆ ಬಿಡಿ. ಚಿಕ್ಕಬಳ್ಳಾಪುರದ ಬೇಸಿಗೆಗೆ ಅಂತ ಚರ್ಮ ಕಾಣುವಷ್ಟು ಬೋಳಿಸುವುದು ಬೇಡ, ಬಿಸಿಲಿಗೆ ಚರ್ಮ ಸುಡುತ್ತದೆ. ಎರಡೂವರೆ ಸೆಂಟಿಮೀಟರ್ ಆಸುಪಾಸು ಬಿಟ್ಟರೆ ನಿಭಾಯಿಸಲೂ ಸುಲಭ.

ಕಿಟ್‌ನ ಕತ್ತರಿಯಿಂದ ಗಂಟು ಕತ್ತರಿಸುವ ಆಸೆ ಎಲ್ಲರಿಗೂ ಬರುತ್ತದೆ, ದಯವಿಟ್ಟು ಮಾಡಬೇಡಿ. ಗಂಟು ಎಳೆದಾಗ ಚರ್ಮವೂ ಅದರೊಳಗೆ ಎದ್ದು ಬರುತ್ತದೆ, ಎಲ್ಲಿ ಕೂದಲು ಎಲ್ಲಿ ಚರ್ಮ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಹೊಲಿಗೆ ಹಾಕಿಸಲು ಪಶುವೈದ್ಯರ ಹತ್ತಿರ ಬರುವ ಗಾಯಗಳು ಎಷ್ಟೋ ಸಲ ಹೀಗೇ ಆಗುತ್ತವೆ. ಚಿಕ್ಕ ಗಂಟಾದರೆ ಬೆರಳಿಂದ ಸೀಳಿ ಬಿಡಿಸಿ. ದೊಡ್ಡದಾದರೆ 10 ನಂಬರ್ ಬ್ಲೇಡನ್ನು ಚರ್ಮಕ್ಕೆ ಸಮನಾಗಿ ಮಲಗಿಸಿ ಗಂಟಿನ ಕೆಳಗಿನಿಂದ ಬೋಳಿಸಿ. ಕಿವಿ ಪೂರ್ತಿ ಗಂಟಾಗಿದ್ದರೆ ಮನೆಯಲ್ಲಿ ಮುಟ್ಟಬೇಡಿ. ಗಂಟು ಹೋದ ತಕ್ಷಣ ನಾಯಿ ಜೋರಾಗಿ ತಲೆ ಕೊಡವಿ ಕಿವಿಯಲ್ಲಿ ರಕ್ತ ತುಂಬಿ ಊದಿಕೊಳ್ಳುವುದುಂಟು.

ಉಗುರು ಕಟರ್ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪೂಡ್ಲ್‌ಗೆ ಸಾಮಾನ್ಯವಾಗಿ ಕಪ್ಪು ಉಗುರು, ಒಳಗಿನ ರಕ್ತನಾಳ ಹೊರಗಿನಿಂದ ಕಾಣುವುದಿಲ್ಲ. ಒಂದೊಂದು ಮಿಲಿಮೀಟರ್ ಕತ್ತರಿಸುತ್ತ, ಕತ್ತರಿಸಿದ ಮುಖದ ನಡುವೆ ಕಪ್ಪು ಚುಕ್ಕೆ ಮೂಡಿದ ಕೂಡಲೇ ನಿಲ್ಲಿಸಿ, ಅಂಚನ್ನು ಅರದಿಂದ ಉಜ್ಜಿ. ರಕ್ತ ಬಂದರೆ ಅದನ್ನು ನಿಲ್ಲಿಸುವ ಸ್ಟಿಪ್ಟಿಕ್ ಪುಡಿ, ಅದಿಲ್ಲದಿದ್ದರೆ ಕಾರ್ನ್‌ಫ್ಲೋರ್ ಹಚ್ಚಿ ಎರಡು ನಿಮಿಷ ಒತ್ತಿಹಿಡಿಯಿರಿ.

ಕಿಟ್ ಇನ್ನೂ ತರಿಸಿಲ್ಲವಾದರೆ ಆ ದುಡ್ಡಿಗೆ ಒಳ್ಳೆಯ ಬಾಚಣಿಗೆಯನ್ನೂ ಉದ್ದ ತಂತಿಯ ಸ್ಲಿಕರನ್ನೂ ಮೊದಲು ತನ್ನಿ. ಆಮೇಲೆ ಕೈಯಲ್ಲಿ ಹಣ ಕೂಡಿದಾಗ ಬ್ಲೋವರ್. ಕ್ಲಿಪ್ಪರ್‌ಗೆ ಆತುರವಿಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸುವ ಕೆಲಸವನ್ನು ಗ್ರೂಮರ್‌ಗೇ ಬಿಡಬಹುದು, ಆದರೆ ಅವರು ನಾಯಿಯನ್ನು ನೀರಿಗಿಳಿಸುವ ಮುಂಚೆ ಬಾಚಣಿಗೆ ಆಡಿಸಿ ನೋಡುತ್ತಾರೆಯೇ ಅಂತ ಮೊದಲ ದಿನವೇ ನಿಂತು ಗಮನಿಸಿ. ಡಬ್ಬಿ ಈಗಾಗಲೇ ಮನೆಗೆ ಬಂದಿದ್ದರೆ ಡಿಶೆಡ್ಡಿಂಗ್ ಬ್ಲೇಡನ್ನೂ ಕೈಗವಸನ್ನೂ ಲ್ಯಾಬ್ರಡಾರ್ ಇರುವ ಪಕ್ಕದ ಮನೆಯವರಿಗೆ ಕೊಟ್ಟುಬಿಡಿ.